ರಾಜನ ಚೆಂಡು ಬಿದ್ದಲ್ಲೇ ಗೆರೆ

ಬಹಳ ಹಿಂದೆ, ವಾಲಿಬಾಲ್ ಇನ್ನೂ ಹುಟ್ಟದ ಕಾಲದಲ್ಲಿ, ನೆಗೆತದುರ್ಗವೆಂಬ ರಾಜ್ಯದಲ್ಲಿ ಎಲ್ಲರೂ ವಾಲಿಬಾಲ್ ಆಡುತ್ತಿದ್ದರು. ಅದು ಹೇಗೆ ಎಂದು ಕೇಳುವವರು ಈ ಪತ್ರಿಕೆಯ ರಾಶಿಭವಿಷ್ಯದ ಪುಟಕ್ಕೆ ಹೋಗಬಹುದು.

ಹೊಸದಾಗಿ ಪಟ್ಟವೇರಿದ ಶ್ರೀಮನ್ಮಹಾರಾಜ ಉಲ್ಲಂಘನದೇವನು ಅರಮನೆಯ ಅಂಕಣದಲ್ಲಿ ಪ್ರಜೆಗಳ ತಂಡದ ವಿರುದ್ಧ ಆಡಲು ಇಳಿದ. ಮೂಲೆಯಲ್ಲಿ ಕೆಂಪು ಬಾವುಟ ಹಿಡಿದು ನಿಂತವನು ಲೈನ್ ಅಂಪೈರ್ ಓಂಕಾರಪ್ಪ. ಚೆಂಡು ಗೆರೆಯೊಳಗೆ ಬಿದ್ದರೆ ಬಾವುಟ ಕೆಳಗೆ, ಹೊರಗೆ ಬಿದ್ದರೆ ಮೇಲೆ. ಇಪ್ಪತ್ತು ವರ್ಷ ಅವನು ಮಾಡಿದ್ದು ಇಷ್ಟೇ, ಒಮ್ಮೆಯೂ ತಪ್ಪಿರಲಿಲ್ಲ.

ದೊರೆ ಎಗರಿ ಹೊಡೆದ. ಚೆಂಡು ನಾಲ್ಕು ಮಾರು ಹೊರಗೆ ಬಿತ್ತು. ಅಭ್ಯಾಸಬಲದಿಂದ ಬಾವುಟ ಮೇಲೆ ಹೋಯಿತು. ಎತ್ತರದ ಪೀಠದಲ್ಲಿದ್ದ ಮುಖ್ಯ ಅಂಪೈರನು ತನ್ನ ಸೀಟಿ ಒರೆಸತೊಡಗಿದ.

"ಯಾಕಯ್ಯ, ಬಾವುಟ ಮೇಲೆ ಹೋಯ್ತು?" ಎಂದ ಮಹಾಮಂತ್ರಿ ತಥಾಸ್ತುರಾಯ.

"ಚೆಂಡು ಹೊರಗೆ ಬಿತ್ತು, ಸ್ವಾಮಿ."

"ಪ್ರಭುಗಳ ಚೆಂಡು ಹೊರಗೆ ಬೀಳೋದುಂಟೇನಯ್ಯ? ಗೆರೆ ಹಿಂದುಳಿದಿದೆ ಅನ್ನು. ಹಿಂದುಳಿದದ್ದನ್ನ ಅಭಿವೃದ್ಧಿ ಮಾಡ್ಬೇಕು."

ಸಂಜೆಯೊಳಗೆ ಸುತ್ತೋಲೆ ಹೊರಟಿತು: ರಾಜಚೆಂಡು ಪತನಗೊಂಡ ಸ್ಥಳದಿಂದ ಒಂದು ಗೇಣು ಆಚೆಗೆ ಗೆರೆ ಇರತಕ್ಕದ್ದು, ಗೆರೆಯೊಳಗಿನ ನೆಲವೆಲ್ಲ ಅಂಕಣವೆಂದು ಪರಿಗಣಿಸತಕ್ಕದ್ದು, ಅಂಕಣದಲ್ಲಿ ಯಾರೂ ವಾಸಿಸತಕ್ಕದ್ದಲ್ಲ. ಓಂಕಾರಪ್ಪನಿಗೆ ಒಂದು ಶೋಕಾಸ್ ನೋಟಿಸ್, ಜೊತೆಗೆ ಒಂದು ಬಕೆಟ್ ಸುಣ್ಣದ ಪುಡಿ ತಲುಪಿತು.

"ನನ್ನ ಕೈಲಾಗಲ್ಲ ಕಣೇ," ಎಂದ ಅವನು ಹೆಂಡತಿ ಪುಟ್ಟಗೌರಿಗೆ.

"ಕೆಲಸ ಹೋದ್ರೆ ಹೊಟ್ಟೆಗೇನು ತಿನ್ನೋಣ? ಅವರು ಹೇಳಿದ ಕಡೆ ಎಳೀರಿ ಅತ್ಲಾಗೆ. ನಮ್ಮಪ್ಪನ ಗಂಟೇನು ಹೋಗುತ್ತೆ?"

ಎಳೆದ. ಮುಂದಿನ ವಾರ ಸೇದುವ ಬಾವಿ ಅಂಕಣಕ್ಕೆ ಸೇರಿತು, ಅದರ ಮುಂದಿನ ವಾರ ಶಾಲೆ. ಎಲ್ಲಿ ಹೊಡೆದರೂ ಪಾಯಿಂಟ್ ಎಂದಮೇಲೆ ದೊರೆಗೆ ಹುರುಪು ಹೆಚ್ಚಿತು. ಇಷ್ಟಗಲದ ಅಂಕಣದಲ್ಲಿ ಚೆಂಡು ತಡೆಯಲು ಎದುರು ತಂಡದ ಆರು ಜನ ಕುದುರೆ ಕೇಳಿದರು. ನಿಯಮಾವಳಿಯಲ್ಲಿ ಅವಕಾಶವಿಲ್ಲವೆಂದು ತಾಂತ್ರಿಕ ಸಮಿತಿ ವಿಷಾದಿಸಿತು.

ಒಂದು ಸೋಮವಾರ ಚೆಂಡು ನೇಕಾರರ ಕೇರಿ ದಾಟಿ, ಓಂಕಾರಪ್ಪನ ಮನೆಯಂಗಳದಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಅವನು ಏದುಸಿರು ಬಿಡುತ್ತ ಓಡಿ ಬಂದ. ಹಿಂದೆಯೇ ಪಲ್ಲಕ್ಕಿಯಲ್ಲಿ ಮಹಾಮಂತ್ರಿ. ಪುಟ್ಟಗೌರಿ ಬಾಗಿಲಲ್ಲಿ ನಿಂತು ಗಂಡನ ಕೈಯನ್ನೇ ನೋಡುತ್ತಿದ್ದಳು. ಓಂಕಾರಪ್ಪನಿಗೆ ಅಳು ಬಂತು. ಬಾವುಟ ಎದೆಯವರೆಗೆ ಏರಿತು.

"ತೋಳು ನೋವೇನಯ್ಯ?" ಎಂದ ತಥಾಸ್ತುರಾಯ, ಬಹಳ ಅಕ್ಕರೆಯಿಂದ.

ಬಾವುಟ ಇಳಿಯಿತು. ಓಂಕಾರಪ್ಪ ಹಿತ್ತಲಿನಾಚೆ ಗೆರೆ ಎಳೆದ.

"ರೀ, ಒಲೆ ಮೇಲೆ ಅನ್ನ ಇದೆ!"

"ಇಳಿಸ್ಕೊಂಡು ಬಾ."

ಅದೇ ವಾರ ದೊರೆಗೆ 'ಗೆರೆ ಮೀರದ ಗುರಿಕಾರ' ಎಂಬ ಬಿರುದಿನೊಡನೆ ಚಿನ್ನದ ಕಿರೀಟ ತೊಡಿಸಲಾಯಿತು. ಗೆರೆಯಾಚೆ ಬಯಲಲ್ಲಿ ಕುಳಿತಿದ್ದ ಕೇರಿಯವರೆಲ್ಲ ಆದೇಶದಂತೆ ಚಪ್ಪಾಳೆ ತಟ್ಟಿದರು. ಅತ್ಯುತ್ತಮ ಲೈನ್ ಅಂಪೈರ್ ಪ್ರಶಸ್ತಿ ಓಂಕಾರಪ್ಪನಿಗೇ ಬಂತು: ಒಂದು ಶಾಲು, ಗಾಜಿನ ಚೌಕಟ್ಟಿನ ಒಂದು ಮಾನಪತ್ರ. ಶಾಲನ್ನು ಪುಟ್ಟಗೌರಿ ಮಕ್ಕಳಿಗೆ ಹೊದಿಸಿದಳು. ಮಾನಪತ್ರವನ್ನು ತೂಗುಹಾಕಲು ಅವರಿಗೆ ಗೋಡೆ ಇರಲಿಲ್ಲ.