ಚಾವಡಿಗೊಂದು ಸಾದಾ ಲೈಟು

ದೊಡ್ಡದನ್ನು ಕೇಳಿದವರಿಗೆ ಅಂಗಡಿಯಲ್ಲಿ ಕೂಡಲೇ ಸಿಗುತ್ತದೆ. ಸಣ್ಣದನ್ನು ಕೇಳಿದರೆ ಮಾತ್ರ ಹೀಗೆಲ್ಲ ಆಗುತ್ತದೆ. ನನಗಂತೂ ಆಗುತ್ತಲೇ ಇರುತ್ತದೆ.

ತಲ್ಲೂರಿನಲ್ಲಿ ಮನೆ ಕಟ್ಟಿಸಿದೆವು. ನೆಲದ ಟೈಲ್ಸಿನಿಂದ ಗೇಟಿನ ಬಣ್ಣದವರೆಗೆ ಎಲ್ಲವೂ ಹೆಂಡತಿಯ ಆಯ್ಕೆ. ಎಲ್ಲರೂ ಕೂರುವ ಚಾವಡಿಯ ಸ್ಲ್ಯಾಬಿಗೆ ಹಾಕುವ ಲೈಟೊಂದನ್ನು ನನಗೆ ಬಿಟ್ಟಳು. ಕುಳಿತು ಓದಲು ಕಣ್ಣಿಗೆ ಹೊಡೆಯದ ಬೆಳಕು, ಅಷ್ಟೇ ನನಗೆ ಬೇಕಿದ್ದುದು. ಇಡೀ ಮನೆಯಲ್ಲಿ ಅದೊಂದಾದರೂ ನನ್ನ ಇಷ್ಟದಂತೆ ಇರಲಿ ಎಂದು ಹೊರಟೆ.

ಕುಂದಾಪುರದ ನವಿಲು

"ಸಾದಾ ಲೈಟ್ ಕಾಣ್ಸಿ" ಎಂದೆ. ಅಂಗಡಿಯವರು ಗುಂಡಿ ಒತ್ತಿದರು. ನನ್ನ ತಲೆಯ ಮೇಲೆ ಗಾಜಿನ ನವಿಲೊಂದು ಗರಿ ಬಿಚ್ಚಿ ಉರಿಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಇದ್ ಸಾದಾ ಅಂದ್ರ್ಯಾ?"

"ಹೌದ್ ಮಾರಾಯ್ರೆ. ಬಾಕಿದ್ರಂಗೆಲ್ಲ ಜೋಡಿ ನವಿಲ್. ಇದ್ರಂಗೆ ಒಂದೇ ಇಪ್ಪುದ್!"

ಬ್ರಹ್ಮಾವರದ ಬಣ್ಣ

ಅಲ್ಲಿಯ ಅಂಗಡಿಯವರು ರಿಮೋಟ್ ಹಿಡಿದೇ ಮಾತಾಡುತ್ತಿದ್ದರು. ಊಟಕ್ಕೆ ಹಳದಿ, ಟಿ.ವಿ. ನೋಡಲು ನೀಲಿ, ನೆಂಟರು ಬಂದರೆ ಗುಲಾಬಿ. ಕ್ಷಣದಲ್ಲಿ ಅವರ ಮುಖ ಮೂರು ಬಣ್ಣಕ್ಕೆ ತಿರುಗಿದ್ದು ಕಂಡು ನನಗೆ ಗಾಬರಿಯಾಯಿತು.

"ನಂಗೆ ಬಿಳಿ ಒಂದೇ ಸಾಕ್" ಎಂದೆ.

ಈಗ ಗಾಬರಿಯಾದದ್ದು ಅವರಿಗೆ. "ಹ್ವಾಯ್, ಹಾಂಗಾರೆ ಬರ್ತ್‌ಡೇ ದಿನ ಎಂತ ಮಾಡ್ತ್ರಿ?"

ಬೈಂದೂರಿನ ಸಮಾಧಾನ

ಕೊನೆಗೆ ಬೈಂದೂರಿನಲ್ಲಿ ಸಿಕ್ಕಿತು. ಗುಂಡಗೆ, ಬೆಳ್ಳಗೆ, ಚಪ್ಪಟೆ. ಹೂವಿಲ್ಲ, ಬಳ್ಳಿಯಿಲ್ಲ. "ಇದೇ!" ಎಂದು ನಾನು ಕೂಗಿದ್ದಕ್ಕೆ ಅಂಗಡಿಯವರು ಬೆಚ್ಚಿದರು.

"ಬಾಡ್ಗಿ ಮನಿಗಾ?"

"ಅಲ್ಲ. ಸ್ವಂತದ್ದ್. ಹೊಸ್ತ್. ಚಾವಡಿಗೆ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಬೇಜಾರ್ ಮಾಡ್ಕಣ್ಬೇಡಿ. ಎಲ್ಲ ಸಮಾ ಆತ್ತ್."

ಏಣಿಯ ಮೇಲೆ

ಲೈಟು ಕೂರಿಸಿದ ಎಲೆಕ್ಟ್ರಿಶಿಯನ್ ಏಣಿಯಿಂದ ಇಳಿಯಲಿಲ್ಲ. ಕೈ ಚಾಚಿ ನಿಂತಿದ್ದ.

"ಎಂತ ಬೇಕ್?" ಎಂದೆ.

"ಉಳ್ದದ್ದ್ ಕೊಡಿ."

"ಉಳ್ದದ್ದ್ ಇಲ್ಲೆ. ಅದ್ ಅಷ್ಟೇ."

ಅವನು ಅಡುಗೆಮನೆಯ ಕಡೆ ತಿರುಗಿ, ಅಪಘಾತದ ಸುದ್ದಿ ಹೇಳುವವನ ಹಾಗೆ ಕೂಗಿದ: "ಅಕ್ಕಾ, ಇಷ್ಟೇ ಅಂಬ್ರ್!"

ಹೆಂಡತಿ ಬಂದು ನೋಡಿದಳು. "ಅವ್ರಿಗೆ ಖುಷಿ ಆರೆ ಸಾಕ್" ಎಂದು ನಕ್ಕಳು. ಅದು ಒಪ್ಪಿಗೆ ಎಂದುಕೊಂಡೆ.

ಒಕ್ಕಲಿನ ದಿನ

ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ನೆಂಟರೆಲ್ಲ ಬಂದಿದ್ದರು. ಚಾವಡಿಯಲ್ಲೇ ಸತ್ಯನಾರಾಯಣ ಪೂಜೆ. ನಾನೂ ಹೆಂಡತಿಯೂ ಅಕ್ಕಪಕ್ಕದ ಮಣೆಯಲ್ಲಿ. ಭಟ್ಟರು ಕಥೆ ಓದುತ್ತಿದ್ದರು. ಮುಂಬೈಯಲ್ಲಿ ಹೋಟೆಲು ನಡೆಸುವ ಅವಳ ಅಣ್ಣ ಬೆಳಿಗ್ಗೆಯಷ್ಟೇ ಬಸ್ಸಿಳಿದು ಬಂದವರು, ಹಿಂದೆ ಕುಳಿತು ಫೋನ್ ಒತ್ತುತ್ತಿದ್ದರು.

ಇದ್ದಕ್ಕಿದ್ದಂತೆ ಮೇಲಿನಿಂದ "ಅಣ್ಣಯ್ಯಾ..." ಎಂದು ಹೆಂಡತಿಯ ದನಿ ಬಂತು. ನಾನು ಪಕ್ಕಕ್ಕೆ ನೋಡಿದೆ. ಅವಳ ಬಾಯಿ ಮುಚ್ಚಿತ್ತು.

ಆ ಸಾದಾ ಲೈಟಿನ ಹೊಟ್ಟೆಯಲ್ಲಿ ಸ್ಪೀಕರ್ ಇತ್ತು. ಬೆಳಿಗ್ಗೆ ಭಾವನ ಫೋನು 'ಬ್ಲೂಟೂತ್ ಜೋಡಿಸಲೇ?' ಎಂದು ಕೇಳಿದಾಗ ಅವರು ಓದದೆ ಹೂಂ ಒತ್ತಿದ್ದರು. ಇದೆಲ್ಲ ಗೊತ್ತಾದದ್ದು ಆಮೇಲೆ. ಆಗ ನಮಗೆ ಕೇಳಿಸುತ್ತಿದ್ದುದು ಹಿಂದಿನ ದಿನ ಅವಳು ಅಣ್ಣನಿಗೆ ಕಳಿಸಿದ, ಅವರು ಈಗಷ್ಟೇ ತೆರೆದ ವಾಯ್ಸ್ ಮೆಸೇಜು.

"ಇವ್ರ್ ತಂದ ಲೈಟ್ ಕಂಡ್ರೆ ದ್ವಾಸಿ ಕಾವ್ಲಿ ಕವ್ಚಿ ಹಾಕಿದಂಗ್ ಇತ್ತ್. ಒಕ್ಲ್ ಒಂದ್ ಮುಗೀಲಿ, ಬಚ್ಚಲಿಗೆ ಹಾಕ್ಸ್ತೆ. ನೀ ಬಪ್ಪತಿಗೆ ಲಾಯ್ಕಿನ ಗಾಜಿನ್ ಝೂಮರ್ ಲೈಟ್ ಒಂದ್ ತಕಂಡ್ ಬಾ."

ಭಾವ ಫೋನನ್ನು ಜೇಬಿಗೆ ತುರುಕಿದರು, ಅಲ್ಲಿಂದ ತೆಗೆದು ಹೆಗಲ ಬೈರಾಸಿನಲ್ಲಿ ಸುತ್ತಿ ಅದರ ಮೇಲೆ ಕುಳಿತರು. ದನಿ ಮೇಲಿನಿಂದಲೇ ಮುಂದುವರಿಯಿತು: "ಇವ್ರಿಗ್ ಮಾತ್ರ ಹೇಳ್ಬೇಡ."

ಭಟ್ಟರು ಪುಸ್ತಕ ಮುಚ್ಚಿದರು. ಮೇಲೆ ನೋಡಿದರು, ನನ್ನ ಹೆಂಡತಿಯನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ಅಪ್ಪಣೆ ಮೇಲಿಂದ್ಲೇ ಆಯ್ತಲೆ ಮಾರಾಯ್ರೆ. ಇನ್ನ್ ಎಂತ ಕೇಂಬುದ್? ಲೈಟ್ ಕಳ್ಚಿ."