ಹೊಸ್ತಿಲು ದಾಟಿದ ಹೃದಯ

"ಈ ಸಲ ನನ್ನ ಕೈಯಾರೆ!" ಎಂದು ತಕ್ಕಡಿ ಸಾಹೇಬರು ಕನ್ನಡಿಯ ಮುಂದೆ ನಿಂತು ಘೋಷಿಸಿದರು. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದರು, ಮಗಳು ಹಾಸ್ಟೆಲಿನಲ್ಲಿದ್ದಳು. ಆದರೂ ಘೋಷಣೆ ಎಂದ ಮೇಲೆ ಗಟ್ಟಿಯಾಗಿಯೇ ಮಾಡಬೇಕಲ್ಲ!

ತಕ್ಕಡಿ ಸಾಹೇಬರೆಂದರೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಪೇಟೆಯ ಅಷ್ಟೂ ತಕ್ಕಡಿಗಳಿಗೆ, ತೂಕದ ಬಟ್ಟುಗಳಿಗೆ ಸರ್ಕಾರಿ ಮೊಹರು ಒತ್ತುವುದು ಅವರ ಕೆಲಸ. ಅವರ ಮೊಹರು ಬಿದ್ದರೆ ಅರ್ಧ ಕೆಜಿ ಅರ್ಧ ಕೆಜಿಯೇ, ಬೀಳದಿದ್ದರೆ ಅದು ಬರೀ ಕಬ್ಬಿಣ. ಇಂಥವರ ಮರ್ಯಾದೆ ಹೋದ ವರ್ಷ ಮದುವೆಯ ವಾರ್ಷಿಕೋತ್ಸವದ ದಿನ ಮಣ್ಣುಪಾಲಾಗಿತ್ತು. ಹೆಂಡತಿಗೆಂದು ಅಂಗಡಿಯಿಂದ ಚೆಂದದ ಗ್ರೀಟಿಂಗ್ ಕಾರ್ಡು ತಂದವರು, ಅಭ್ಯಾಸಬಲದಿಂದ ಅದರ ಕೆಳಗೆ "ಪರಿಶೀಲಿಸಿದೆ" ಎಂದು ಬರೆದು, ಸಹಿ ಹಾಕಿ, ಹುದ್ದೆಯನ್ನೂ ನಮೂದಿಸಿ ಕೊಟ್ಟುಬಿಟ್ಟಿದ್ದರು!

"ಇಷ್ಟು ವರ್ಷಕ್ಕೆ ಪರಿಶೀಲನೆ ಮುಗೀತಾ?" ಎಂದು ಹೆಂಡತಿ ಕೇಳಿದ್ದರು. "ತೂಕದಲ್ಲಿ ಏನಾದ್ರೂ ಕಡಿಮೆ ಬಂತಾ?"

ನೆಂಟರಿಷ್ಟರೆಲ್ಲ ವಾರಗಟ್ಟಲೆ ನಕ್ಕರು. ಅದನ್ನು ಸಾಹೇಬರು ನುಂಗಿಕೊಂಡರು. ನುಂಗಲಾಗದೆ ಗಂಟಲಲ್ಲಿ ಉಳಿದದ್ದು ಹೆಂಡತಿ ಕಾರ್ಡನ್ನು ಮಡಚುತ್ತ ಮೆಲ್ಲಗೆ ಆಡಿದ ಇನ್ನೊಂದು ಮಾತು: "ಅಂಗಡಿಯವನು ಅಚ್ಚು ಹಾಕಿಸಿದ್ದು ಬಿಟ್ರೆ, ನಿಮ್ಮದು ಅಂತ ಇದರಲ್ಲಿ ಏನಿದೆ?"

ಅದಕ್ಕೇ ಈ ಘೋಷಣೆ. ವಾರ್ಷಿಕೋತ್ಸವ ನಾಳೆ. ಸಾಹೇಬರು ಇಂದು ರಜೆ ಹಾಕಿದ್ದಾರೆ. ಮಗಳ ಕಪಾಟಿನಿಂದ ಇಂಕಿನ ಪ್ಯಾಡುಗಳು, ಸ್ಟೆನ್ಸಿಲ್ಲುಗಳು, ಬಟ್ಟೆ ಹಿಂಡುವ ಯಂತ್ರದ ಹಾಗೆ ಹಿಡಿ ತಿರುಗಿಸಿ ಕಾಗದ ಕತ್ತರಿಸುವ ಪುಟ್ಟ ಮಷಿನು, ಎಲ್ಲವೂ ಊಟದ ಮೇಜಿಗೆ ಬಂದಿವೆ. ಫೋನಿನಲ್ಲಿ ಮಗಳು.

"ಅಪ್ಪಾ, ಅದೆಲ್ಲ ನಿನ್ ಕೈಲಾಗಲ್ಲ. ಬಿಟ್ಬಿಡು."

"ಊರಿಗೆಲ್ಲ ಮೊಹರು ಒತ್ತೋನು ನಾನು. ನನಗೆ ಒತ್ತೋದು ಹೇಳಿಕೊಡ್ತೀಯಾ?"

"ಅದೇ ನನ್ ಭಯ. ಇದು ಒತ್ತೋದಲ್ಲ ಅಪ್ಪಾ, ಸವರೋದು! ಮೋಡದ ಆಕಾರ ಕೊರೆದಿರೋ ಸ್ಟೆನ್ಸಿಲ್ ಇಟ್ಟು ನೀಲಿ ಇಂಕು ಹಗೂರಕ್ಕೆ ಸವರು, ಮೋಡ ಬರುತ್ತೆ. ಆಮೇಲೆ ಫೋಮ್ ಹಾಳೇಲಿ ಒಂದು ಹೃದಯ ಕತ್ತರಿಸಿ, ಕೆಂಪು ಪ್ಯಾಡಿಗೆ ಅದ್ದಿ, ಮಧ್ಯದಲ್ಲಿ ಅಂಟಿಸು. ಮುಗೀತು."

ಮುಗಿಯಿತು ಎನ್ನುವುದು ಎಷ್ಟು ಸುಲಭ! ಸಾಹೇಬರು ಸ್ಟೆನ್ಸಿಲ್ ಇಟ್ಟರು, ಇಂಕು ತೆಗೆದುಕೊಂಡರು, ಇಲಾಖೆಯನ್ನು ನೆನೆದು ಒತ್ತಿದರು. ಇಂಕು ಸ್ಟೆನ್ಸಿಲ್ಲಿನ ಅಡಿಗೆಲ್ಲ ನುಗ್ಗಿತು. ಎತ್ತಿ ನೋಡಿದರೆ ಮೋಡದ ಬದಲು ಮಲಗಿದ ಎಮ್ಮೆಗಳು! ಇನ್ನೊಂದು ಕಾರ್ಡು ತೆಗೆದುಕೊಂಡು ಹಗುರವಾಗಿ ಒತ್ತಿದರು, ಎಮ್ಮೆಗಳು ಕರುಗಳಾದವು. ಮೂರನೆಯದು ಪರವಾಗಿಲ್ಲ ಎನ್ನುವಷ್ಟರಲ್ಲಿ, ಅದನ್ನು ಹಿಂದುಮುಂದಾಗಿ ಮಡಚಿದ್ದು ತಿಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಹೇಬರು ಕಾಗದದ ಕಾರ್ಖಾನೆಯನ್ನು ಬೈದರು.

ಹೃದಯದ ಕಥೆ ಇನ್ನೂ ಗೋಜಲು. ಅಚ್ಚು ಇಟ್ಟು ಹಿಡಿ ತಿರುಗಿಸಿದರೆ ಒಂದು ಕಡೆ ಹೃದಯ ಬರುತ್ತದೆ, ಇನ್ನೊಂದು ಕಡೆ ಹೃದಯದಾಕಾರದ ತೂತಿರುವ ಹಾಳೆ ಉಳಿಯುತ್ತದೆ. ಯಾವುದು ಬೇಕಾದದ್ದು, ಯಾವುದು ಬೇಡದ್ದು? ಸಾಹೇಬರು ತೂತುಗಳನ್ನು ಜೋಪಾನವಾಗಿ ಎತ್ತಿಟ್ಟು, ಹೃದಯಗಳನ್ನು ಕಸದ ಬುಟ್ಟಿಗೆ ಹಾಕಿದರು. ಬುಟ್ಟಿಗೆ ಚಹಾದ ಚರಟ ಸುರಿದ ಮೇಲೆ ಜ್ಞಾನೋದಯವಾಯಿತು. ಉಳಿದಿದ್ದ ಫೋಮಿನಲ್ಲಿ ಒಂದೇ ಒಂದು ಹೃದಯಕ್ಕೆ ಜಾಗವಿತ್ತು. ಅದನ್ನು ಉಸಿರು ಬಿಗಿಹಿಡಿದು ಕತ್ತರಿಸಿದರು, ಬೆನ್ನಿನ ಕಾಗದ ಸುಲಿದರು, ಅಂಟು ಮೇಲೆ ಮಾಡಿ ಮೇಜಿನ ಅಂಚಿಗಿಟ್ಟರು. ಇನ್ನು ಕೆಂಪು ಪ್ಯಾಡು ಎಂದು ಕೈ ಚಾಚಿದರು ನೋಡಿ, ಮೊಣಕೈ ತಗುಲಿ ಮುಚ್ಚಳ ತೆಗೆದಿದ್ದ ಪ್ಯಾಡೂ ಹೃದಯವೂ ಒಟ್ಟಿಗೆ ಕೆಳಗೆ ಬಿದ್ದವು.

ಸಾಹೇಬರ ಮೂಗಿನ ಮೇಲಿದ್ದದ್ದು ಓದುವ ಕನ್ನಡಕ. ಅದರಲ್ಲಿ ಹತ್ತಿರದ್ದು ಬೆಟ್ಟದಷ್ಟು ಕಾಣುತ್ತದೆ, ನೆಲ ಮಾತ್ರ ಮಂಜು ಮಂಜು. ನೆಲದ ತುಂಬ ಕಾಗದದ ಚೂರು ಬೇರೆ. ಹುಡುಕುತ್ತ ಬಲಗಾಲು ಮುಂದಿಟ್ಟರು. ಅಂಟಿನ ಹೃದಯ ಅವರ ಮನೆಚಪ್ಪಲಿಯ ಅಟ್ಟೆಗೆ ಗಟ್ಟಿಯಾಗಿ ಅಂಟಿಕೊಂಡಿತು. ಕುರ್ಚಿಯಲ್ಲಿ ಕೂತರು. ಬಲಗಾಲು ಹೋಗಿ ಸರಿಯಾಗಿ ಕೆಂಪು ಪ್ಯಾಡಿನ ಮೇಲೆ ಕೂತಿತು. ಇದು ನಿಮಗೆ ಗೊತ್ತು, ನನಗೆ ಗೊತ್ತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಸಾಹೇಬರು ಫ್ರಿಜ್ಜಿನ ಹಿಂದೆ, ಕನ್ನಡಿಯ ಕೆಳಗೆ, ಸಕ್ಕರೆ ಡಬ್ಬಿಯ ಒಳಗೆ ಹುಡುಕಾಡಿದರು.

"ಹೃದಯ ಕಳೆದುಹೋಯ್ತು ಮಗಾ," ಎಂದರು ಫೋನಿನಲ್ಲಿ.

"ಮೊದ್ಲು ಮೋಡ ಒಣಗಿಸು. ಹೇರ್ ಡ್ರೈಯರ್ ಹಿಡಿ. ಇಲ್ದಿದ್ರೆ ಸಾಯಂಕಾಲದವರೆಗೂ ಒಣಗಲ್ಲ."

ಸಾಹೇಬರದು ಬೋಳುತಲೆ. ಹೆಂಡತಿಯ ಕೂದಲು ಫ್ಯಾನಿನ ಗಾಳಿಗೆ ಒಣಗುತ್ತದೆ. ಡ್ರೈಯರ್ ಎಲ್ಲಿಂದ ಬರಬೇಕು? ಮೇಲಿನ ಮಹಡಿಯಲ್ಲಿ ಮನೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡ ಅಕ್ಕ ಒಬ್ಬರಿದ್ದರು. ಸಾಹೇಬರು ಮೆಟ್ಟಿಲು ಹತ್ತಿ ಹೋಗಿ ಇಸಿದುಕೊಂಡು ಬಂದರು. ಡ್ರೈಯರ್ ಚಾಲೂ ಮಾಡಿದ ಕೂಡಲೇ ಕಾರ್ಡು ಹಾರಿ ಸಾರಿನ ಪಾತ್ರೆಗೆ ಬಿತ್ತು. ಅಷ್ಟರಲ್ಲಿ ಪಾರ್ಲರಿಗೆ ಗಿರಾಕಿ ಬಂದರೆಂದು ಡ್ರೈಯರ್ ಹಿಂದಿರುಗಿಸಲು ಹತ್ತಿದರು. ಹೊಸ ಕಾರ್ಡು ಮಾಡಿ, ಮತ್ತೆ ಇಸಿದುಕೊಳ್ಳಲು ಹತ್ತಿದರು. ನಡುನಡುವೆ ಬಂದು ಕುರ್ಚಿಯಲ್ಲಿ ಕೂತಾಗಲೆಲ್ಲ ಬಲಗಾಲು ತನ್ನ ಪಾಡಿಗೆ ಪ್ಯಾಡಿನ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು. ಮೆಟ್ಟಿಲಲ್ಲಿ ಎದುರಾದ ಕಟ್ಟಡದ ಸಂಘದ ಕಾರ್ಯದರ್ಶಿ ಡ್ರೈಯರನ್ನೂ ಸಾಹೇಬರ ತಲೆಯನ್ನೂ ಮತ್ತೆ ಮತ್ತೆ ನೋಡಿದರು.

"ಏನ್ ಸಾಹೇಬ್ರೇ, ಒಣಗಿಸೋದಕ್ಕೆ ಏನಾದ್ರೂ ಉಳಿದಿದೆಯಾ?"

"ಸರ್ಕಾರಿ ಕೆಲಸ," ಎಂದು ಸಾಹೇಬರು ಜಾರಿಕೊಂಡರು.

ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಒಂದೇ ಸಮನೆ ಹೊಡೆದುಕೊಂಡಿತು. ಕಾರ್ಯದರ್ಶಿ! ಮುಖ ಸುಣ್ಣದಂತೆ ಬಿಳಿಚಿಕೊಂಡಿದೆ.

"ಅನಾಹುತ ಆಗಿದೆ ಸಾಹೇಬ್ರೇ! ಹೋದ ತಿಂಗಳಷ್ಟೇ ಬಿಳಿ ಟೈಲ್ಸ್ ಹಾಕಿಸಿದ್ದೀನಿ. ಯಾವನೋ ಮೆಟ್ಟಿಲ ತುಂಬ ಕೆಂಪು ಹೃದಯ ಒತ್ತಿದ್ದಾನೆ! ಮೊಹರಿನ ವಿಷಯದಲ್ಲಿ ನಿಮಗಿಂತ ತಿಳಿದವರು ಯಾರಿದ್ದಾರೆ? ಬನ್ನಿ, ಕಳ್ಳನ್ನ ಹಿಡಿದುಕೊಡಿ."

ಬೆಳಗಿನಿಂದ ಎಲ್ಲ ಕಡೆ ಸೋತ ಮನುಷ್ಯನಿಗೆ ಇಂಥ ಮಾತು ಅಮೃತ. ಸಾಹೇಬರು ಎದೆ ಸೆಟೆಸಿ, ಇಲಾಖೆಯ ಭೂತಗನ್ನಡಿ, ಅಳತೆಪಟ್ಟಿ ಹಿಡಿದು ಹೊರಟರು. ಮೊದಲ ಹೃದಯದ ಮುಂದೆ ಮಂಡಿಯೂರಿ ನೋಡಿದವರೇ ಬೆರಗಾದರು. ಎಂಥ ಚೊಕ್ಕ ಅಚ್ಚು! ಅಂಚು ಕದಡಿಲ್ಲ, ಇಂಕು ಹರಡಿಲ್ಲ. ತಾವು ದಿನವಿಡೀ ಒದ್ದಾಡಿ ಪಡೆಯಲಾರದ್ದನ್ನು ಯಾರೋ ಕಂಡ ಕಂಡ ಮೆಟ್ಟಿಲಿಗೆಲ್ಲ ಒತ್ತಿ ಹೋಗಿದ್ದಾರೆ! ಸಾಹೇಬರಿಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

"ಪಳಗಿದ ಆಸಾಮಿ," ಎಂದರು. "ಗುರುತು ಒಂದು ಮೆಟ್ಟಿಲು ಬಿಟ್ಟು ಒಂದು ಮೆಟ್ಟಿಲಿಗಿದೆ. ಅಂದ್ರೆ ಕುಂಟಿಕೊಂಡು ಹಾರಿದ್ದಾನೆ. ಒತ್ತಿರೋ ಭಾರ ನೋಡಿದ್ರೆ ಆಳು ದಪ್ಪ. ಹೆಚ್ಚುಕಡಿಮೆ ನನ್ನಷ್ಟೇ ತೂಕ."

"ದಪ್ಪಗಿದ್ದಾನೆ, ಒಂಟಿಕಾಲಲ್ಲಿ ಹಾರ್ತಾನೆ," ಎಂದು ಕಾರ್ಯದರ್ಶಿ ಗೊಣಗಿದರು. "ಯಾರಪ್ಪಾ ನಮ್ಮ ಕಟ್ಟಡದಲ್ಲಿ ಅಂಥೋನು?"

ಇಬ್ಬರೂ ಪಾರ್ಲರಿನ ಬಾಗಿಲವರೆಗೆ ಹತ್ತಿದರು. ಕಾರ್ಯದರ್ಶಿ ಹಿಂದಿರುಗಿ ನೋಡಿ ಕಿರುಚಿದರು. "ಸಾಹೇಬ್ರೇ! ಈ ಹೃದಯ ಆಗ ಇರ್ಲಿಲ್ಲ! ಹಸಿಯಾಗಿದೆ!"

"ನಮ್ಮ ಬೆನ್ನ ಹಿಂದೇನೇ ಇದ್ದಾನೆ ಖದೀಮ!" ಎಂದು ಸಾಹೇಬರು ಗಿರಕ್ಕನೆ ತಿರುಗಿದರು. ಯಾರೂ ಇಲ್ಲ. ತಿರುಗಿದ ಜಾಗದಲ್ಲಿ ಇನ್ನೊಂದು ಹೃದಯ, ಕೊಂಚ ಉಜ್ಜಿದ್ದು. ಇಲಾಖೆಯಲ್ಲಿ ಇಷ್ಟು ವರ್ಷ ದುಡಿದವರು ಕಾಣದ ಕೈಯ ಮೊಹರನ್ನು ಎಂದೂ ನೋಡಿರಲಿಲ್ಲ.

ಆದರೂ ಬಿಡಲಿಲ್ಲ. "ಮೊನೆ ನೋಡಿ! ಹೃದಯದ ಮೊನೆ ಎತ್ತ ಇದೆಯೋ ಅತ್ತ ಹೋಗಿದ್ದಾನೆ. ಗಾಢವಾಗಿರೋದರ ಮೊನೆಯೆಲ್ಲ ಈ ಪಾರ್ಲರಿನ ಕಡೆಗಿದೆ. ಹಾಗಾದ್ರೆ ಹೊರಟಿದ್ದು ಎಲ್ಲಿಂದ? ಇಳಿಯೋಣ ಬನ್ನಿ." ಬೆರಳಿಂದ ಒಂದೊಂದೇ ಹೃದಯ ತೋರಿಸುತ್ತ, ಇಂಚಿಂಚು ಅಳೆಯುತ್ತ ಇಳಿದು ಬಂದು, ಜಾಡು ಶುರುವಾದ ಹೊಸ್ತಿಲ ಮುಂದೆ ವಿಜಯೋತ್ಸಾಹದಿಂದ ನಿಂತರು. "ಇಲ್ಲಿಂದ! ಈ ಮನೆಯಿಂದ!"

"ಸಾಹೇಬ್ರೇ," ಎಂದರು ಕಾರ್ಯದರ್ಶಿ ನಿಧಾನವಾಗಿ, "ಇದು ನಿಮ್ಮನೆ."

ಸಾಹೇಬರು ಬಾಗಿಲು ನೋಡಿದರು. ಹೌದು, ತಮ್ಮದೇ. ತಲೆ ಗಿರ್ರೆಂದಿತು. ತಮ್ಮ ಮನೆಯಲ್ಲಿ ಇವತ್ತಿಡೀ ಇದ್ದದ್ದು ತಾವೊಬ್ಬರೇ! ಅದೇ ಹೊತ್ತಿಗೆ ಮೇಲಿನಿಂದ ಪಾರ್ಲರ್ ಅಕ್ಕನ ದನಿ ಇಳಿದು ಬಂತು. "ಸಾಹೇಬ್ರೇ, ಇನ್ನೊಂದು ಸಲ ಬರ್ತೀರಾ, ಇಲ್ಲಾ ನಾನೇ ಕೆಳಗೆ ಬರ್ಲಾ?"

ಮತ್ತು ಅದೇ ಹೊತ್ತಿಗೆ ಕೆಳಗಿನಿಂದ, ಚೀಲ ಹೆಗಲಿಗೇರಿಸಿಕೊಂಡು, ಹೆಂಡತಿ ಹತ್ತಿ ಬಂದರು. ಮನೆಯ ಬಾಗಿಲಿಂದ ಮೇಲಕ್ಕೆ ಹೊರಟ ಹೃದಯಗಳ ಸಾಲನ್ನು ಒಮ್ಮೆ ನೋಡಿದರು. ಗಂಡನನ್ನು ಒಮ್ಮೆ ನೋಡಿದರು. ಕಾರ್ಯದರ್ಶಿ ಕೆಮ್ಮಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನದಿದ್ದರೂ ಸಾಹೇಬರು ತಮ್ಮ ಬೋಳುತಲೆ ಮುಟ್ಟಿ ನೋಡಿಕೊಂಡರು.

"ಒಳಗೆ ಬನ್ನಿ," ಎಂದರು ಹೆಂಡತಿ.

ಬಾಗಿಲು ಮುಚ್ಚಿತು. ಹೆಂಡತಿ ಚೀಲ ಇಳಿಸಲಿಲ್ಲ.

"ಮೇಲಕ್ಕೆ ಯಾಕೆ ಹೋಗಿದ್ರಿ?"

"ಡ್ರೈಯರ್ ತರೋಕೆ."

"ಡ್ರೈಯರ್ ಯಾಕೆ?"

"ಅದು... ಇವತ್ತು ಹೇಳೋ ಹಾಗಿಲ್ಲ. ನಾಳೆ ಹೇಳ್ತೀನಿ."

"ಇದಕ್ಕೆ ಮುಹೂರ್ತ ಬೇರೆ ನೋಡಿದ್ದೀರಾ?"

ಮಾತು ತಮಾಷೆಯದು. ದನಿ ಮಾತ್ರ ಕೊನೆಗೆ ಸಣ್ಣಗೆ ನಡುಗಿತು. ಗ್ರಾಂ ವ್ಯತ್ಯಾಸ ಹಿಡಿಯುವ ಮನುಷ್ಯನಿಗೆ ಆ ನಡುಕ ಎಷ್ಟೆಂದು ಗೊತ್ತಾಗದೆ ಇರುತ್ತದೆಯೇ? ಗುಟ್ಟು ಹಾಳಾಗಿ ಹೋಗಲಿ ಎಂದುಕೊಂಡು, ಮೇಜಿನ ಮೇಲಿದ್ದ ಹಳೇ ಪೇಪರ್ ಸರಿಸಿ ಕಾರ್ಡು ತೆಗೆದು ಕೈಗಿತ್ತರು. ನಾಲ್ಕಾರು ನೀಲಿ ಎಮ್ಮೆಗಳು. ನಡುವೆ ಪೆನ್ಸಿಲಿನಲ್ಲಿ ಗೆರೆ ಎಳೆದ ಖಾಲಿ ಜಾಗ.

"ನಾಳೆಗೆ ಅಂತ ಮಾಡ್ತಿದ್ದೆ. ನಾನೇ, ಕೈಯಾರೆ," ಎಂದರು ಸಾಹೇಬರು. "ಒಣಗಲಿ ಅಂತ ಡ್ರೈಯರ್ ತಂದೆ. ಇಲ್ಲಿ ಹೃದಯ ಇರಬೇಕಿತ್ತು. ಎಲ್ಲಿ ಹೋಯ್ತೋ ದೇವರಾಣೆಗೂ ಗೊತ್ತಿಲ್ಲ ಕಣೇ."

ಹೆಂಡತಿ ಕಾರ್ಡು ನೋಡಿದರು. ನೆಲ ನೋಡಿದರು. ಕಾಗದದ ಚೂರುಗಳ ನಡುವೆ ಮೇಜಿನ ಸುತ್ತ ಹೃದಯ, ಫ್ರಿಜ್ಜಿನ ಮುಂದೆ ಹೃದಯ, ಕನ್ನಡಿಯ ಮುಂದೆ ಎರಡೆರಡು ಹೃದಯ. ಆಮೇಲೆ ಗಂಡನ ಕಾಲು ನೋಡಿದರು.

"ಕಾಲೆತ್ತಿ."

ಸಾಹೇಬರು ಎಡಗಾಲೆತ್ತಿದರು.

"ಇನ್ನೊಂದು ಕಾಲು!"

ಸಾಹೇಬರು ಬಲಗಾಲೆತ್ತಿ, ಅಟ್ಟೆ ತಿರುಗಿಸಿ ನೋಡಿ, ಹಾಗೇ ಒಂಟಿಕಾಲಿನಲ್ಲಿ ನಿಂತುಬಿಟ್ಟರು. ತಾವೇ ವರ್ಣಿಸಿದ ಆಸಾಮಿ! ದಪ್ಪ, ಒಂಟಿಕಾಲು, ತಮ್ಮಷ್ಟೇ ತೂಕ!

ಹೆಂಡತಿ ನಕ್ಕ ನಗು ಮೇಲಿನ ಮಹಡಿಗೂ ಕೇಳಿಸಿತಂತೆ. ಚೀಲ ಅಲ್ಲೇ ಬಿಸಾಕಿ, ಕುರ್ಚಿಗೆ ಕುಸಿದು, ಕಣ್ಣು ಒರೆಸಿಕೊಳ್ಳುತ್ತ ನಕ್ಕರು. ಆ ಕಣ್ಣೀರಿನಲ್ಲಿ ನಗುವಿನದೆಷ್ಟು, ಹೋದ ಭಯದ್ದೆಷ್ಟು ಎಂದು ತೂಗುವ ಧೈರ್ಯ ಸಾಹೇಬರಿಗಾಗಲಿಲ್ಲ. ಕೊನೆಗೆ ಗಂಡನ ಕಾಲಿನ ಚಪ್ಪಲಿ ಕಳಚಿ, ಮೇಜಿನ ಕೆಳಗಿನ ಪ್ಯಾಡಿಗೆ ಅದ್ದಿ, ಕಾರ್ಡಿನ ಖಾಲಿ ಜಾಗದಲ್ಲಿ ತಾವೇ ಮೆಲ್ಲಗೆ ಒತ್ತಿದರು. ಎತ್ತಿದರೆ ಚೊಕ್ಕ ಹೃದಯ, ಅಂಚು ಕೂಡ ಕದಡಿಲ್ಲ.

"ಈಗ ಬಕೆಟ್ಟು, ಬ್ರಷ್ಷು ತಗೊಳ್ಳಿ. ಮನೆ ಒಳಗಿನದು ಹಾಗೇ ಇರ್ಲಿ, ನಾಳೆಯವರೆಗೂ ಯಾರೂ ಒರೆಸೋದು ಬೇಡ. ಹೊಸ್ತಿಲು ದಾಟಿದ್ದು ಮಾತ್ರ ಒಂದೂ ಉಳಿಯಬಾರದು!"

ಅಳಿಸಲಾಗದ ಇಂಕು ಎಂದು ಪ್ಯಾಡಿನ ಮೇಲೆ ಬರೆದಿತ್ತು. ಕಂಪನಿಯವರು ಸುಳ್ಳು ಹೇಳಿರಲಿಲ್ಲ. ತೋಳು ಸೋಲುವವರೆಗೆ ಸಾಹೇಬರು ಮಂಡಿಯೂರಿ ಉಜ್ಜಿದರು. ಕಾರ್ಯದರ್ಶಿ ಅವರದೇ ಭೂತಗನ್ನಡಿ ಹಿಡಿದು ಮೇಲ್ವಿಚಾರಣೆ ಮಾಡಿದರು. "ಇಲ್ಲೊಂದು ಮೊನೆ ಉಳೀತು ಸಾಹೇಬ್ರೇ. ನೀವೇ ಹೇಳಿದ್ರಲ್ಲ, ಪಳಗಿದ ಆಸಾಮಿ ಅಂತ."

ಬೆನ್ನು ಹಿಡಿದುಕೊಂಡು ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಸಾರು ಬಿಸಿ ಮಾಡುತ್ತ ಇನ್ನೂ ಒಬ್ಬರೇ ನಗುತ್ತಿದ್ದರು. ಕಾರ್ಡು ಫ್ರಿಜ್ಜಿನ ಬಾಗಿಲಿಗೆ ಬಂದಿತ್ತು. ಹೃದಯದ ಕೆಳಗೆ ಅವರ ದುಂಡನೆಯ ಅಕ್ಷರ, ಅದರ ಕೆಳಗೆ ಸಹಿ. ಸಾಹೇಬರು ಓದುವ ಕನ್ನಡಕ ಸರಿಮಾಡಿಕೊಂಡು ಓದಿದರು:

"ಪರಿಶೀಲಿಸಿದೆ. ತೂಕ ಸರಿಯಾಗಿದೆ. ಮುಂದಿನ ವರ್ಷ ಕೈ ಹಾಕಬೇಡಿ, ಕಾಲೇ ಸಾಕು."