ಮೇವಿನ ಗುಂಡಿಗೆ ಎರಡು ಇಳಿಜಾರು

ನಮ್ಮ ಮನೆಯಲ್ಲಿ ಯಾವ ಕೆಲಸವೂ ಹೇಳಿದ ಹಾಗೆ ನಡೆದದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಹೊದಿಕೆಯ ಮಡಿಕೆ ಓರೆಯಾದರೂ ಬಿಚ್ಚಿ ಮತ್ತೆ ಮಡಿಸಬೇಕಿತ್ತು. ಶಿಕಾರಿಪುರದ ಒಕ್ಕಲು ಮನೆಗೆ ಸೊಸೆಯಾಗಿ ಬಂದ ಮೇಲೆ, ಐವತ್ತರ ದಶಕ ಮುಗಿಯುವ ಹೊತ್ತಿಗೆ, ಓರೆಯೇ ಸರಿ ಎಂದು ವಾದಿಸುವ ಪಾಳಿ ನನ್ನದಾಯಿತು.

೧. ಗೋಲಿ

ಹಸಿ ಜೋಳದ ದಂಟು ಕತ್ತರಿಸಿ ಗುಂಡಿಯಲ್ಲಿ ತುಳಿದು ಮುಚ್ಚಿಟ್ಟರೆ ಬೇಸಿಗೆಯಲ್ಲೂ ಎಮ್ಮೆಗಳ ಹಾಲು ಬತ್ತುವುದಿಲ್ಲ ಎಂದು ಗ್ರಾಮಸೇವಕರು ಹೇಳಿದರು. ನನಗೆ ಬೇಕಾದದ್ದೂ ಅದೇ. ಒಂದೇ ಷರತ್ತು: ನೆಲ, ಗುಂಡಿಯ ಒಂದು ಬದಿಯಲ್ಲಿ ಗೋಡೆಯಿಲ್ಲದೆ ಬಿಟ್ಟ ಬಾಯಿಯ ಕಡೆಗೆ ಇಳಿಜಾರಾಗಿರಬೇಕು. ದಂಟಿನ ರಸ ಒಳಗೇ ನಿಂತರೆ ಮೇವು ಕೊಳೆಯುತ್ತದೆ.

ಸೊರಬದಿಂದ ಕರೆಸಿದ ಗಾರೆಯವನು ಕೆರಳಿದ.

"ಅಮ್ಮಾ, ನಾನು ಮಾಡಿದ ನೆಲದ ಮೇಲೆ ಗೋಲಿ ಇಟ್ರೆ ಇಟ್ಟಲ್ಲೇ ಇರ್ತದೆ."

"ಇಲ್ಲಿ ಉರುಳಬೇಕು."

"ಉರುಳಿಸ್ತೇನೆ. ಆದ್ರೆ ನಮ್ಮೂರು ಕುಪ್ಪಗಡ್ಡೆ ಕಡೆಯೋರು ಕೇಳಿದ್ರೆ, ಬೇರೆ ಯಾರೋ ಮಾಡಿದ್ದು ಅನ್ನಿ."

೨. ಈಶಾನ್ಯ

ಜಾಗದ ತಗ್ಗು ನೈರುತ್ಯಕ್ಕಿದ್ದುದರಿಂದ ಗುಂಡಿಯ ಬಾಯಿಯನ್ನೂ ಅತ್ತಲೇ ಇಡಿಸಿದ್ದೆ. ಅತ್ತೆಯವರು ಬಂದು ನೋಡಿದರು.

"ಈಶಾನ್ಯಕ್ಕ ಹರಿಬೇಕಾದ ನೀರು ನೈರುತ್ಯಕ್ಕ ಬಿಡ್ತೀಯಾ? ಮನಿ ಉಳಿತತೇನು?"

"ಅದು ನೀರಲ್ಲ ಅತ್ತೆ, ದಂಟಿನ ರಸ."

"ಹರಿಯೋದೆಲ್ಲಾ ನೀರೇ. ಆ ಇಂಗ್ಲಿಷ್ ಸಾಲಿಯಾಗ ಇಷ್ಟೂ ಕಲಿಸ್ಲಿಲ್ಲೇನು?"

ಗ್ರಾಮಸೇವಕರನ್ನು ಕರೆಸಿದೆ. ಅವರು ಅತ್ತೆ ಕೊಟ್ಟ ಕಾಫಿ ಕುಡಿದು, "ಹಿರಿಯರು ಹೇಳೋದ್ರಾಗೂ ಅರ್ಥ ಇರ್ತತ್ರೀ" ಎಂದು ಸೈಕಲ್ ಹತ್ತಿದರು.

೩. ರಾಜಿ

ನಾನು ತವರಿಗೆ ಹೋಗಿ ಬರುವಷ್ಟರಲ್ಲಿ ನೆಲ ಮುಗಿದಿತ್ತು. ನಡುವೆ ನಿಂತು ಒಂದು ಕೊಡ ನೀರು ಸುರಿದೆ. ಅರ್ಧ ಬಾಯಿಯ ಕಡೆಗೆ ಹರಿಯಿತು. ಉಳಿದರ್ಧ ಹಿಂದಿನ ಗೋಡೆಗೆ ಹೋಗಿ ನಿಂತಿತು.

"ಇದೇನ್ರೀ?" ಎಂದು ಯಜಮಾನರನ್ನು ಕೇಳಿದೆ.

"ಮುಂದಿನರ್ಧ ನಿಂದು, ಹಿಂದಿನರ್ಧ ಅವ್ವಂದು. ಇನ್ನ ಇಬ್ರೂ ಸುಮ್ಮನಿರ್ರಿ."

ಜೋಳ ಕೊಯ್ಲಿಗೆ ಬಂದಿತ್ತು. ನೆಲ ಅಗೆಸಿ ಮತ್ತೆ ಮಾಡಿಸಲು ಸಮಯವಿರಲಿಲ್ಲ, ಹಾಗೆಯೇ ತುಂಬಿದೆವು.

೪. ಬೇಸಿಗೆ

ಬಾಯಿಯ ಕಡೆಯಿಂದ ಮೇವು ತೆಗೆಯುತ್ತ ಬಂದೆವು. ಹದವಾದ ಹುಳಿ ವಾಸನೆ. ಎಮ್ಮೆಗಳು ಬುಟ್ಟಿ ಕಂಡರೆ ಹಗ್ಗ ಜಗ್ಗುತ್ತಿದ್ದವು. ಊರಿನವರ ಎಮ್ಮೆಗಳೆಲ್ಲ ಬತ್ತಿದ್ದಾಗ ನಮ್ಮ ಚೆಂಬು ತುಂಬುತ್ತಿತ್ತು. ನಡುವನ್ನು ದಾಟಿದ ದಿನ ಸಿಕ್ಕಿದ್ದು ಕರಿ ಕೆಸರು. ಎಮ್ಮೆಗಳು ಮೂಸಿ ಮುಖ ತಿರುಗಿಸಿದವು. ಅಷ್ಟನ್ನೂ ತಿಪ್ಪೆಗೆ ಹೊರಿಸಿದೆ. ಯುಗಾದಿಯ ಹೊತ್ತಿಗೆ ಹಾಲೂ ನಿಂತಿತು.

ತಿಪ್ಪೆಗೆ ಹೊರಿಸುವ ಮೊದಲು ಅತ್ತೆಯವರನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. "ನೋಡಿ ಅತ್ತೆ, ಕೊಳೆತದ್ದು ಈಶಾನ್ಯದ ಅರ್ಧ."

ಅವರು ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದರು. ಮುಖದಲ್ಲಿ ಸಮಾಧಾನವೋ ಸಮಾಧಾನ.

"ನೋಡಿದ್ಯಾ, ದೋಷ ಎಲ್ಲಾ ನನ್ನ ಕಡಿಗೇ ಬಂದು ಕುಂತೈತಿ. ನಾ ಅಡ್ಡ ಬರ್ಲಿಲ್ಲಂದ್ರ ನಿನ್ನರ್ಧನೂ ಹೋಗ್ತಿತ್ತು!"